ಮನೆಯಂಥ ಬಂಡಿ, ಶಾಲೆಯ ಬಂಡಿ: ಕಟ್ಟಿಸುವ ವಾಹನದ ಬೆಲೆ ಏರಿದ್ದೇಕೆ?

2023ರ ನವೆಂಬರ್ 18ರಂದು ಮಂಜೇಶ್ವರ ಕ್ಷೇತ್ರದ ಪೈವಳಿಕೆಯಲ್ಲಿ ಕೇರಳ ಸರ್ಕಾರದ ನವಕೇರಳ ಸದಸ್ಸು ಆರಂಭವಾಯಿತು. ಮುಖ್ಯಮಂತ್ರಿ ಮತ್ತು ಸಚಿವರ ಪ್ರಯಾಣಕ್ಕೆಂದೇ ಕಟ್ಟಿಸಿದ ವಿಶೇಷ ಬಸ್ಸು ಅಂದು ಇಡೀ ರಾಜ್ಯದ ಚರ್ಚೆಯ ವಸ್ತುವಾಗಿತ್ತು. ಅದಕ್ಕೆ ಸರ್ಕಾರ ಮಂಜೂರು ಮಾಡಿದ್ದು 1.05 ಕೋಟಿ ರೂಪಾಯಿ. ಬಾಡಿ ಕಟ್ಟಿದ್ದು ಗಡಿಯಾಚೆಯ ಮಂಡ್ಯದಲ್ಲಿ. ಅದರ ಶೌಚಾಲಯ, ಹತ್ತಿ ಇಳಿಯಲು ಅಳವಡಿಸಿದ ಲಿಫ್ಟು, ಆಸನಗಳ ಬಗ್ಗೆ ಪರ-ವಿರೋಧದ ಮಾತು ಬೇಕಾದಷ್ಟು ನಡೆಯಿತು. ಆದರೆ ಒಂದು ಬಸ್ಸಿಗೆ ಅಷ್ಟು ಹಣ ಹೇಗೆ ತಗಲುತ್ತದೆ ಎಂಬ ಸರಳ ಪ್ರಶ್ನೆಗೆ ಉತ್ತರ ಹೇಳಿದವರು ವಿರಳ.

ಈ ಪ್ರಶ್ನೆ ನಮಗೆ ಕೇವಲ ಕುತೂಹಲದ್ದಲ್ಲ. ಕಾಸರಗೋಡಿನ ಒಳನಾಡಿನಲ್ಲಿ ಒಂದು ಕನ್ನಡ ಮಾಧ್ಯಮ ಶಾಲೆಯ ಅಳಿವು ಉಳಿವು ಇಂದು ಒಂದು ಹಳದಿ ಬಸ್ಸಿನ ಮೇಲೆ ನಿಂತಿದೆ. ಆ ಬಸ್ಸಿಗಾಗಿ ದರಪಟ್ಟಿ ತರಿಸಿದ ರಕ್ಷಕ-ಶಿಕ್ಷಕ ಸಂಘಗಳೆಲ್ಲ ಅದರಲ್ಲಿನ ಮೊತ್ತವನ್ನು ಕಂಡು ದಿಗಿಲುಗೊಂಡಿವೆ. ಪ್ರವಾಸಿಗರ ಕ್ಯಾರವಾನ್, ಯಕ್ಷಗಾನ ಮೇಳದ ರಂಗಸ್ಥಳ ಹೊರುವ ಲಾರಿ, ಸಂಚಾರಿ ಗ್ರಂಥಾಲಯ, ಆಂಬುಲೆನ್ಸ್, ಶಾಲಾ ಬಸ್ಸು ಇವೆಲ್ಲ ಹೊರನೋಟಕ್ಕೆ ಬೇರೆ ಬೇರೆ. ಹುಟ್ಟಿನಲ್ಲಿ ಅವು ಒಂದೇ ಕುಲದವು. ಒಂದರ ಬೆಲೆ ಏರಿದ ಕಾರಣವನ್ನು ತಿಳಿದರೆ ಉಳಿದವುಗಳ ಬೆಲೆಯೂ ಅರ್ಥವಾಗುತ್ತದೆ. ಆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು, ಎಲ್ಲಿ ಉಳಿತಾಯ ಸಾಧ್ಯ, ಎಲ್ಲಿ ಕೂಡದು ಎಂಬುದನ್ನು ಹೇಳುವುದು ಈ ಲೇಖನದ ಉದ್ದೇಶ.

ಒಂದು ವಾಹನ, ಎರಡು ಕಾರ್ಖಾನೆ

ನಾವು ಕೊಳ್ಳುವ ಕಾರು ಒಂದೇ ಕಾರ್ಖಾನೆಯಲ್ಲಿ ಪೂರ್ಣವಾಗಿ ತಯಾರಾಗಿ ಬರುತ್ತದೆ. ಕಟ್ಟಿಸುವ ವಾಹನದ ಬಗೆ ಬೇರೆ. ಅದರ ಬುಡ, ಎಂದರೆ ಎಂಜಿನ್, ಗೇರು, ಅಚ್ಚು, ಚಕ್ರಗಳನ್ನು ಹೊತ್ತ ಚಾಸಿ, ಒಂದು ದೊಡ್ಡ ಕಂಪನಿಯಲ್ಲಿ ಸಿದ್ಧವಾಗುತ್ತದೆ. ಅದರ ಮೇಲಿನ ಒಡಲು ಬಾಡಿ ಕಟ್ಟುವ ಶೆಡ್ಡಿನಲ್ಲಿ ಏಳುತ್ತದೆ. ಹೊಸೂರಿನ ಕನ್ನಡಿಗರಿಗೆ ಮೊದಲನೆಯ ಹಂತ ಕಣ್ಣೆದುರಿನದೇ. ಅಶೋಕ್ ಲೇಲ್ಯಾಂಡ್ ಕಂಪನಿ 1980ರಿಂದ ಅಲ್ಲಿ ಕಾರ್ಖಾನೆ ನಡೆಸುತ್ತಿದೆ. ಎರಡನೆಯ ಹಂತಕ್ಕೆ ಹೆಸರಾದ ಊರು ತಮಿಳುನಾಡಿನ ಕರೂರು. ಜವಳಿಯ ಜೊತೆಗೆ ಬಸ್ಸಿನ ಬಾಡಿಯೂ ಆ ಊರಿನ ಕಸುಬು. ಲಾರಿಯ ಬಾಡಿಗೆ ನಾಮಕ್ಕಲ್, ತಿರುಚೆಂಗೋಡಿನ ಕಡೆ ಹೋಗುವವರುಂಟು.

ಹೀಗೆ ಎರಡು ಕೈ ದಾಟಿ ಬರುವ ವಾಹನಕ್ಕೆ ಬೆಲೆ ಏರುವ ಬಾಗಿಲುಗಳೂ ಎರಡು. ಚಾಸಿಯ ಬೆಲೆಯನ್ನು ಕಂಪನಿ ನಿಗದಿಪಡಿಸುತ್ತದೆ. ಶಾಲೆಗೆ ಅಲ್ಲಿ ಚೌಕಾಸಿಗೆ ಎಡೆ ಕಡಮೆ. ಬಾಡಿಯ ಬೆಲೆಯಲ್ಲಿ ಉಕ್ಕು, ಅಲ್ಯೂಮಿನಿಯಂ, ಗಾಜು, ಆಸನ, ಬಣ್ಣ, ಕೂಲಿ ಎಲ್ಲವೂ ಸೇರಿರುತ್ತವೆ. ಇವೆರಡರ ಮೇಲೆ ನಿಯಮದ ವೆಚ್ಚ, ಅದರ ಮೇಲೆ ತೆರಿಗೆ. ಒಟ್ಟು ನಾಲ್ಕು ಪದರ. ಕಳೆದ ಹತ್ತು ವರ್ಷಗಳಲ್ಲಿ ಮೊದಲ ಮೂರು ಪದರಗಳು ಒಂದರ ಹಿಂದೆ ಒಂದರಂತೆ ದಪ್ಪವಾದವು. ನಾಲ್ಕನೆಯದು ಮಾತ್ರ ಈಚೆಗೆ ತುಸು ತೆಳುವಾಗಿದೆ.

ಚಾಸಿಯ ಬೆಲೆ ಏರಿದ ಬಗೆ

ಮೊದಲ ದೊಡ್ಡ ಏರಿಕೆ ಹೊಗೆಯ ನಿಯಮದಿಂದ ಬಂತು. 2017ರ ಏಪ್ರಿಲ್‌ನಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4 ಮಟ್ಟ ಜಾರಿಗೆ ಬಂದಿತ್ತು. ಅನಂತರ 5ನೆಯ ಮಟ್ಟವನ್ನು ಬಿಟ್ಟು ನೇರವಾಗಿ 6ನೆಯ ಮಟ್ಟಕ್ಕೆ ಹಾರುವುದೆಂದು ಕೇಂದ್ರ ಸರ್ಕಾರ ನಿರ್ಧರಿಸಿತು. 2020ರ ಏಪ್ರಿಲ್ 1ರ ನಂತರ ಬಿಎಸ್-4 ವಾಹನಗಳ ಮಾರಾಟ, ನೋಂದಣಿ ಕೂಡದೆಂದು ಸರ್ವೋಚ್ಚ ನ್ಯಾಯಾಲಯ 2018ರ ಅಕ್ಟೋಬರ್‌ನಲ್ಲಿ ಹೇಳಿತು. ಡೀಸೆಲ್‌ನಲ್ಲಿರುವ ಗಂಧಕದ ಪ್ರಮಾಣವೂ ದಶಲಕ್ಷದಲ್ಲಿ 50 ಭಾಗದಿಂದ 10 ಭಾಗಕ್ಕೆ ಇಳಿಯಿತು.

ಇದರಿಂದ ಎಂಜಿನ್ನಿನ ಹಿಂಬದಿಯಲ್ಲಿ ಒಂದು ಸಣ್ಣ ರಸಾಯನಶಾಲೆಯನ್ನೇ ಕೂರಿಸಬೇಕಾಯಿತು. ಮಸಿಯ ಕಣಗಳನ್ನು ಹಿಡಿಯಲು ಒಂದು ಸೋಸುಕ, ಸಾರಜನಕದ ಆಕ್ಸೈಡುಗಳನ್ನು ನಿರುಪದ್ರವಿ ಸಾರಜನಕವಾಗಿಸಲು ಒಂದು ವೇಗವರ್ಧಕ, ಅದಕ್ಕೆ ಯೂರಿಯಾ ದ್ರಾವಣ ಚಿಮ್ಮಿಸುವ ವ್ಯವಸ್ಥೆ, ಇವನ್ನೆಲ್ಲ ಕಾಯಲು ಸಂವೇದಕಗಳು, ಇವನ್ನು ಆಳಲು ಒಂದು ಗಣಕ. ಹೊಗೆ ಶುದ್ಧಿಯ ಈ ಸಾಧನಗಳಲ್ಲಿ ಪ್ಲಾಟಿನಂ ಬಳಗದ ದುಬಾರಿ ಲೋಹಗಳಿರುತ್ತವೆ. 2023ರ ಏಪ್ರಿಲ್‌ನಿಂದ ಇದೇ ನಿಯಮದ ಎರಡನೆಯ ಹಂತ ಬಂತು. ಪ್ರಯೋಗಾಲಯದಲ್ಲಷ್ಟೇ ಅಲ್ಲ, ರಸ್ತೆಯ ಮೇಲೆ ಓಡುವಾಗಲೂ ಹೊಗೆ ಮಿತಿಯೊಳಗಿರಬೇಕೆಂಬುದು ಅದರ ತಾತ್ಪರ್ಯ. ಮಕ್ಕಳ ಶ್ವಾಸಕೋಶದ ದೃಷ್ಟಿಯಿಂದ ಇದು ಒಳ್ಳೆಯ ನಿಯಮವೇ. ಆದರೆ ಅದರ ವೆಚ್ಚ ಚಾಸಿಯ ಬೆಲೆಯಲ್ಲಿ ಕುಳಿತಿದೆ.

ಎರಡನೆಯ ಏರಿಕೆ ಕೋವಿಡ್ ಕಾಲದ್ದು. ಹೊಸ ನಿಯಮ ಜಾರಿಗೆ ಬಂದ ದಿನ ದೇಶ ಲಾಕ್‌ಡೌನಿನಲ್ಲಿತ್ತು. ಶಾಲೆಗಳು ಮುಚ್ಚಿದ್ದರಿಂದ ಬಸ್ಸಿನ ಬೇಡಿಕೆ ಕುಸಿಯಿತು. ಮತ್ತೆ ಬೇಡಿಕೆ ಚಿಗುರುವ ವೇಳೆಗೆ ಜಗತ್ತಿನಲ್ಲಿ ವಾಹನಗಳ ಎಲೆಕ್ಟ್ರಾನಿಕ್ ಚಿಪ್ಪುಗಳ ಕೊರತೆ ತಲೆದೋರಿತ್ತು. 2020ರ ಮಧ್ಯದಿಂದ 2022ರ ಬೇಸಿಗೆಯೊಳಗೆ ಉಕ್ಕಿನ ಹಾಳೆಯ ಬೆಲೆ ಸುಮಾರು ಇಮ್ಮಡಿಯಾಯಿತು. ದೇಶದೊಳಗಿನ ಬೆಲೆಗೆ ಕಡಿವಾಣ ಹಾಕಲು ಕೇಂದ್ರವು 2022ರ ಮೇ ತಿಂಗಳಲ್ಲಿ ಉಕ್ಕಿನ ರಫ್ತಿನ ಮೇಲೆ ಸುಂಕ ಹೇರಿ, ಅದೇ ವರ್ಷದ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. ಉಕ್ಕು ಆಮೇಲೆ ಇಳಿಯಿತು. ವಾಹನದ ಬೆಲೆ ಮಾತ್ರ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಏರುವಾಗ ಏಣಿ, ಇಳಿಯುವಾಗ ಗೋಣಿ ಎಂಬಂತೆ ಈ ವ್ಯಾಪಾರದ ನಡೆ.

ಬಾಡಿಗೆ ಬಂದ ನಿಯಮಗಳು

ನಮ್ಮ ತಂದೆಯವರ ಕಾಲದ ಬಸ್ಸುಗಳಲ್ಲಿ ಮರದ ಚೌಕಟ್ಟು, ಅದರ ಮೇಲೆ ಬಡಿದ ತಗಡು, ಉದ್ದ ಬೆಂಚು ಇರುತ್ತಿದ್ದವು. ಊರಿನ ಬಡಗಿಯೂ ಕಮ್ಮಾರನೂ ಸೇರಿ ಬಾಡಿಯನ್ನು ಎಬ್ಬಿಸಬಲ್ಲವರಾಗಿದ್ದರು. ಈಗ ಅದು ಸಾಧ್ಯವಿಲ್ಲ. ಬಸ್ಸಿನ ಬಾಡಿಗೆ ಎಐಎಸ್-052 ಎಂಬ ಸಂಹಿತೆ ಇದೆ. ಬಾಗಿಲಿನ ಅಗಲ, ತುರ್ತು ನಿರ್ಗಮನ, ಆಸನದ ಅಂತರ, ಗಾಜಿನ ಬಗೆ, ಬೆಂಕಿ ಬೇಗ ಹಿಡಿಯದ ಒಳಹೊದಿಕೆ ಎಲ್ಲವೂ ಅದರ ವ್ಯಾಪ್ತಿಯಲ್ಲಿ ಬರುತ್ತವೆ. ಶಾಲಾ ಬಸ್ಸಿಗೆ ಪ್ರತ್ಯೇಕವಾಗಿ ಎಐಎಸ್-063, ಮಲಗುವ ಬಸ್ಸಿಗೆ 119, ಕ್ಯಾರವಾನ್‌ಗೆ 124. ಬಂಗಾರದ ಹಳದಿ ಬಣ್ಣ, ಮಗುವಿನ ಕಾಲಿಗೆ ಎಟಕುವ ಮೆಟ್ಟಿಲು, ಪುಸ್ತಕದ ಚೀಲ ಇಡುವ ಜಾಗ ಇವು ಶೋಭೆಗೆ ಮಾಡಿದವಲ್ಲ, ನಿಯಮದಿಂದ ಬಂದವು.

ಸಾರ್ವಜನಿಕ ಸೇವೆಯ ಹೊಸ ವಾಹನಗಳಲ್ಲಿ ಸ್ಥಳ ತೋರಿಸುವ ಸಾಧನವೂ ತುರ್ತು ಗುಂಡಿಯೂ ಇರಬೇಕೆಂಬ ನಿಯಮ 2019ರ ಜನವರಿಯಿಂದ ಇದೆ. ದೂರ ಪ್ರಯಾಣದ ಬಸ್ಸುಗಳು ಮತ್ತು ಶಾಲಾ ಬಸ್ಸುಗಳ ಒಳಭಾಗದಲ್ಲಿ ಬೆಂಕಿಯ ಎಚ್ಚರಿಕೆ ಹಾಗೂ ರಕ್ಷಣಾ ವ್ಯವಸ್ಥೆ ಇರಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ 2022ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಪ್ರತಿಯೊಂದು ಅಧಿಸೂಚನೆಯ ಹಿಂದೆಯೂ ಒಂದು ಉಪಕರಣ, ಅದರ ಹಿಂದೆ ಒಂದು ಬೆಲೆ. ಮಾದರಿ ಬಾಡಿಯನ್ನು ಪುಣೆಯ ಎಆರ್‌ಎಐ, ಸಿಐಆರ್‌ಟಿಯಂಥ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಡ್ಡಿ ಅನುಮೋದನೆ ಪಡೆಯಬೇಕು. ಆ ವೆಚ್ಚವನ್ನು ತಾಳಲಾರದ ಸಣ್ಣ ಶೆಡ್ಡುಗಳಿಗೆ ಉಳಿಗಾಲವಿಲ್ಲ. ಶೆಡ್ಡುಗಳು ಕಡಿಮೆಯಾದಷ್ಟೂ ಕೊಳ್ಳುವವನ ಮುಂದಿರುವ ಆಯ್ಕೆ ಕಿರಿದಾಗುತ್ತದೆ.

ಇಷ್ಟೆಲ್ಲ ನಿಯಮ ಬೇಕೇ ಎಂದು ಕೇಳುವವರಿಗೆ ಉತ್ತರವಾಗಿ ಎರಡು ದುರಂತಗಳನ್ನು ನೆನಪಿಸಬೇಕಾಗುತ್ತದೆ. 2025ರ ಅಕ್ಟೋಬರ್ 14ರಂದು ರಾಜಸ್ಥಾನದ ಜೈಸಲ್ಮೇರ್ ಬಳಿ ಬಸ್ಸೊಂದು ಹೊತ್ತಿ ಉರಿದು ಇಪ್ಪತ್ತಕ್ಕೂ ಹೆಚ್ಚು ಜನ ಮಡಿದರು. ಹತ್ತೇ ದಿನಗಳ ನಂತರ, 24ರಂದು, ನಮ್ಮ ಆದವಾನಿಯ ಓದುಗರ ಜಿಲ್ಲೆಯಾದ ಕರ್ನೂಲಿನ ಚಿನ್ನಟೇಕೂರಿನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಮಲಗುವ ಬಸ್ಸು ಬೆಂಕಿಗೆ ಆಹುತಿಯಾಯಿತು. ನಿದ್ರೆಯಲ್ಲಿದ್ದ ಪ್ರಯಾಣಿಕರಿಗೆ ಹೊರಬರುವ ದಾರಿ ಸಿಗಲಿಲ್ಲ. ಮಾರ್ಪಡಿಸಿದ ಬಾಡಿಗಳು, ತುರ್ತು ಬಾಗಿಲು, ಒಳಹೊದಿಕೆಯ ವಸ್ತುಗಳ ಕುರಿತು ಆಮೇಲೆ ದೇಶದೆಲ್ಲೆಡೆ ತಪಾಸಣೆ ಬಿಗಿಯಾಯಿತು. ಬಾಡಿಯಲ್ಲಿ ಉಳಿಸಿದ ಹಣ ಜೀವಕ್ಕೆ ಕುತ್ತಾಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕ್ಯಾರವಾನ್ ಇನ್ನೂ ದುಬಾರಿ ಏಕೆ?

ಕ್ಯಾರವಾನ್ ಎಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಅಡುಗೆಕಟ್ಟೆ, ಶೌಚಾಲಯ, ನೀರಿನ ತೊಟ್ಟಿ, ಬಳಸಿದ ನೀರಿಗೆ ಇನ್ನೊಂದು ತೊಟ್ಟಿ, ಬ್ಯಾಟರಿ, ಹವಾನಿಯಂತ್ರಣ ಎಲ್ಲವನ್ನೂ ಕುಲುಕಾಟ ತಾಳುವಂತೆ ಸಣ್ಣ ಜಾಗದಲ್ಲಿ ಹೊಂದಿಸಬೇಕು. ಮನೆ ಕಟ್ಟುವ ಕುಶಲತೆ, ಬಸ್ಸು ಕಟ್ಟುವ ಕುಶಲತೆ ಎರಡೂ ಒಟ್ಟಿಗೆ ಬೇಕಾದ ಕೆಲಸ ಇದು. ಆದರೆ ಬೆಲೆಯ ನಿಜವಾದ ಗುಟ್ಟು ಸಾಮಗ್ರಿಯಲ್ಲಿಲ್ಲ, ಸಂಖ್ಯೆಯಲ್ಲಿದೆ. ಒಂದು ಉದಾಹರಣೆಯ ಲೆಕ್ಕ ನೋಡೋಣ. ವಿನ್ಯಾಸ, ಅಚ್ಚು, ಪರೀಕ್ಷೆಗಳಿಗೆ 10 ಲಕ್ಷ ರೂಪಾಯಿ ತಗಲಿತೆಂದು ಭಾವಿಸೋಣ. ಅದೇ ಮಾದರಿಯ 500 ಬಸ್ಸು ಕಟ್ಟಿದರೆ ಒಂದೊಂದರ ಪಾಲು 2,000 ರೂಪಾಯಿ. ಐದೇ ಕ್ಯಾರವಾನ್ ಕಟ್ಟಿದರೆ ಒಂದೊಂದರ ಪಾಲು 2 ಲಕ್ಷ ರೂಪಾಯಿ. ‘ನಮಗೆ ಬೇಕಾದಂತೆ’ ಎಂಬ ಎರಡು ಪದಗಳ ಬೆಲೆ ಇದು.

ಈ ಮಾತು ವಿದೇಶಕ್ಕೂ ಸಲ್ಲುತ್ತದೆ. ಯೂರೋಪಿನ ಮೋಟಾರು ಮನೆಗಳಲ್ಲಿ ಬಹುಪಾಲು ಫಿಯಟ್ ಡುಕಾಟೊ ಎಂಬ ಒಂದೇ ಬಗೆಯ ಚಾಸಿಯ ಮೇಲೆ ನಿಂತಿವೆ. ಕೋವಿಡ್ ಕಾಲದಲ್ಲಿ ಹೋಟೆಲು, ವಿಮಾನಗಳಿಗೆ ಅಂಜಿದ ಜನ ಮೋಟಾರು ಮನೆಗಳಿಗೆ ಮುಗಿಬಿದ್ದರು. ಅದೇ ಹೊತ್ತಿಗೆ ಚಿಪ್ಪಿನ ಕೊರತೆಯಿಂದ ಚಾಸಿ ಬರುವುದು ನಿಧಾನವಾಯಿತು. ಬೇಡಿಕೆ ಹೆಚ್ಚಿ ಬುಡವೇ ಸಿಗದಾದಾಗ ಬೆಲೆ ಏರದೆ ಇನ್ನೇನಾದೀತು? ಅಮೆರಿಕದಲ್ಲಿ ಇಂಥ ವಾಹನಗಳ ಬಹುಭಾಗ ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಎಂಬ ಊರಿನ ಸುತ್ತ ತಯಾರಾಗುತ್ತದೆ; ನಮ್ಮಲ್ಲಿ ಬಸ್ಸಿಗೆ ಕರೂರು ಇದ್ದಂತೆ. ಅಲ್ಲಿನ ಉದ್ಯಮ ಸಂಘದ ಲೆಕ್ಕದಂತೆ 2021ರಲ್ಲಿ ಕಾರ್ಖಾನೆಗಳಿಂದ ಹೊರಟ ವಾಹನಗಳು 6,00,240. ಎರಡೇ ವರ್ಷದಲ್ಲಿ, 2023ರಲ್ಲಿ, ಅವು 3,13,174ಕ್ಕೆ ಇಳಿದವು. ಬೆಲೆ, ಬಡ್ಡಿ ಎರಡೂ ಏರಿದಾಗ ವಿಹಾರಕ್ಕೆ ಕೊಳ್ಳುವವನು ಸುಮ್ಮನೆ ಹಿಂದೆ ಸರಿಯುತ್ತಾನೆ. ಶಾಲೆಗೆ ಹಾಗೆ ಹಿಂದೆ ಸರಿಯುವ ಸ್ವಾತಂತ್ರ್ಯವಿಲ್ಲ. ಜೂನ್ ತಿಂಗಳು ಯಾರಿಗೂ ಕಾಯುವುದಿಲ್ಲ.

ತೀರ ವಿಶೇಷವಾಗಿ ಕಟ್ಟಿಸಿದ ವಾಹನಕ್ಕೆ ಇನ್ನೊಂದು ತೊಡಕೂ ಉಂಟು. ಮೊದಲ ಉದ್ದೇಶ ತೀರಿದ ಮೇಲೆ ಅದನ್ನು ಇನ್ನೊಂದಕ್ಕೆ ಬಳಸುವುದು ಕಷ್ಟ. ನವಕೇರಳ ಸದಸ್ಸಿನ ಬಸ್ಸನ್ನು 2024ರ ಮೇ ತಿಂಗಳಿಂದ ಕೋಯಿಕ್ಕೋಡಿನಿಂದ ವಯನಾಡಿನ ದಾರಿಯಾಗಿ ಬೆಂಗಳೂರಿಗೆ ಓಡಿಸಲಾಯಿತು. ನಿರೀಕ್ಷಿಸಿದಷ್ಟು ಪ್ರಯಾಣಿಕರು ಬಾರದೆ, ಮತ್ತೆ ಮಾರ್ಪಡಿಸಿ ಆಸನಗಳನ್ನು ಹೆಚ್ಚಿಸಬೇಕಾಯಿತು. ಶಾಲೆಯವರು ಇದರಿಂದ ಕಲಿಯಬೇಕಾದ ಪಾಠ ಸರಳ: ಎಲ್ಲರೂ ಕೊಳ್ಳುವ ಮಾದರಿಯನ್ನೇ ಕೊಂಡರೆ ಬಿಡಿಭಾಗ ಸಿಗುತ್ತದೆ, ಮಾರುವಾಗ ಬೆಲೆಯೂ ಸಿಗುತ್ತದೆ.

ತೆರಿಗೆಯ ಲೆಕ್ಕ

2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಗೆ ಬಂದಾಗ ಬಸ್ಸುಗಳು ಶೇಕಡಾ 28ರ ಪಟ್ಟಿಯಲ್ಲಿದ್ದವು. ಚಾಲಕನೂ ಸೇರಿ 10ರಿಂದ 13 ಮಂದಿ ಕೂರುವ ವ್ಯಾನುಗಳಿಗೆ ಅದರ ಮೇಲೆ ಶೇಕಡಾ 15ರ ಪರಿಹಾರ ಸೆಸ್ಸು ಬೇರೆ. 2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿ, ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಂದಿ ಕೂರುವ ವಾಹನಗಳ ತೆರಿಗೆ ಶೇಕಡಾ 18ಕ್ಕೆ ಇಳಿಯಿತು. ಆಂಬುಲೆನ್ಸ್, ಲಾರಿಗಳಿಗೂ ಅದೇ ದರ. ತೆರಿಗೆಗೆ ಮುನ್ನ 20 ಲಕ್ಷ ರೂಪಾಯಿ ಬೆಲೆಯ ಬಸ್ಸೊಂದನ್ನು ಉದಾಹರಣೆಗೆ ತೆಗೆದುಕೊಂಡರೆ, ಹಿಂದೆ 5.60 ಲಕ್ಷ ಇದ್ದ ತೆರಿಗೆ ಈಗ 3.60 ಲಕ್ಷ. ಎಂದರೆ ಎರಡು ಲಕ್ಷದ ಉಳಿತಾಯ. ಸೆಪ್ಟೆಂಬರ್‌ಗೆ ಮುಂಚಿನ ದರಪಟ್ಟಿಯನ್ನು ಕಪಾಟಿನಲ್ಲಿಟ್ಟುಕೊಂಡು ನಿರಾಶರಾಗಿರುವ ಶಾಲೆಗಳು ಅದನ್ನು ಹರಿದು ಹಾಕಿ ಹೊಸತನ್ನು ತರಿಸಬೇಕು. ವಿದ್ಯುತ್ ಬಸ್ಸಿಗೆ ದರ ಶೇಕಡಾ 5 ಮಾತ್ರ. ಆದರೆ ಅದರ ಮೂಲ ಬೆಲೆಯೇ ಎತ್ತರದ್ದು.

ಕ್ಯಾರವಾನ್‌ಗೆ ಈ ಇಳಿಕೆಯ ಫಲ ಹಾಗೆಯೇ ದಕ್ಕುವುದಿಲ್ಲ. ವಾಸಕ್ಕೆ ಸಜ್ಜುಗೊಳಿಸಿದ ವಾಹನಗಳನ್ನು ಸುಂಕದ ವರ್ಗೀಕರಣ ಕಾರುಗಳ ಶೀರ್ಷಿಕೆಯಡಿ ಸೇರಿಸುತ್ತದೆ. ಆ ಶೀರ್ಷಿಕೆಯಲ್ಲಿ ದೊಡ್ಡ ವಾಹನಗಳ ದರ ಈಗ ಶೇಕಡಾ 40. ಒಂದೇ ಚಾಸಿಯ ಮೇಲೆ ಆಸನಗಳಿದ್ದರೆ ಒಂದು ತೆರಿಗೆ, ಹಾಸಿಗೆಯಿದ್ದರೆ ಇನ್ನೊಂದು ತೆರಿಗೆ ಎಂಬ ವಿಚಿತ್ರ ಹೀಗೆ ಹುಟ್ಟುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ಚಾಸಿಯನ್ನು ನಾವೇ ಕೊಂಡು ಬಾಡಿ ಕಟ್ಟಲು ಕೊಟ್ಟರೆ ಬಾಡಿಯ ಕೆಲಸ ಸೇವೆ ಎನಿಸುತ್ತದೆ, ಅದಕ್ಕೆ ಶೇಕಡಾ 18. ಬಾಡಿ ಕಟ್ಟುವವನೇ ಚಾಸಿ ಕೊಂಡು ಪೂರ್ಣ ಬಸ್ಸು ಮಾರಿದರೆ ಅದು ಸರಕು. ಈ ವ್ಯತ್ಯಾಸವನ್ನು ಕೇಂದ್ರದ ತೆರಿಗೆ ಮಂಡಳಿ 2018ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತ್ತು. ಹಿಂದೆ ಸೇವೆಗೆ 18, ಸರಕಿಗೆ 28 ಇದ್ದಾಗ ಇದು ದೊಡ್ಡ ಅಂತರ. ಈಗ ಬಸ್ಸಿನ ಮಟ್ಟಿಗೆ ಎರಡೂ ಸಮ. ಆದರೂ ಹಳೆಯ ರೂಢಿಯಂತೆ 28 ಹಾಕಿದ ದರಪಟ್ಟಿ ಕೈಗೆ ಬಂದರೆ ಪ್ರಶ್ನಿಸುವ ತಿಳಿವಳಿಕೆ ನಮಗಿರಬೇಕು. ಜಿಎಸ್‌ಟಿ ಕಟ್ಟುವ ವ್ಯಾಪಾರ ಸಂಸ್ಥೆ ವಾಹನಕ್ಕೆ ತೆತ್ತ ತೆರಿಗೆಯನ್ನು ಕೆಲವು ಸಂದರ್ಭಗಳಲ್ಲಿ ತನ್ನ ತೆರಿಗೆಯೊಡನೆ ಹೊಂದಿಸಿಕೊಳ್ಳಬಲ್ಲದು. ಶಿಕ್ಷಣ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಶಾಲೆಗೆ ಆ ಹೊಂದಾಣಿಕೆಯ ದಾರಿಯಿಲ್ಲ. ವಿನಾಯಿತಿ ಎಂಬುದು ಇಲ್ಲಿ ಹೊರೆಯಾಗಿ ಪರಿಣಮಿಸುತ್ತದೆ.

ಕೊಂಡ ಮೇಲಿನ ಖರ್ಚು

ಬಸ್ಸು ಅಂಗಳಕ್ಕೆ ಬಂದು ಹೂವಿನ ಹಾರ ಹಾಕಿಸಿಕೊಂಡ ಮರುದಿನದಿಂದ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಡೀಸೆಲ್, ಚಾಲಕ ಮತ್ತು ಆಯಾಳ ಸಂಬಳ, ವಿಮೆ, ಯೋಗ್ಯತಾ ಪತ್ರ, ಟಯರು. ಹೊಸ ಎಂಜಿನ್ನಿಗೆ ಡೀಸೆಲ್‌ನ ಜೊತೆಗೆ ಶೇಕಡಾ 32.5 ಯೂರಿಯಾ ಬೆರೆತ ಶುದ್ಧ ದ್ರಾವಣವನ್ನೂ ತುಂಬಬೇಕು. ಅದು ತೋಟಕ್ಕೆ ಹಾಕುವ ಯೂರಿಯಾ ಕಲಸಿದ ನೀರಲ್ಲ; ಹಾಗೆ ಮಾಡಿ ಸಂವೇದಕ ಕೆಡಿಸಿಕೊಂಡರೆ ದುರಸ್ತಿಯ ಬಿಲ್ಲು ಭಾರಿಯಾಗುತ್ತದೆ. ನಿಧಾನಗತಿಯ, ನಿಂತು ನಿಂತು ಸಾಗುವ ಗುಡ್ಡದ ದಾರಿಗಳಲ್ಲಿ ಮಸಿ ಸೋಸುಕ ಬೇಗ ಕಟ್ಟಿಕೊಳ್ಳುವುದೂ ಉಂಟು. ಎಣ್ಮಕಜೆಯ ಏರುದಾರಿಯಿರಲಿ, ತಾಳವಾಡಿಯ ಘಟ್ಟವಿರಲಿ, ಚಾಲಕನಿಗೆ ಇದರ ಪರಿಚಯ ಮಾಡಿಸುವುದು ಬಸ್ಸು ಕೊಳ್ಳುವಷ್ಟೇ ಮುಖ್ಯ.

ಹಳೆಯ ಬಸ್ಸನ್ನೇ ಎಳೆಯೋಣವೆಂದರೆ ಅದೂ ಸುಲಭವಲ್ಲ. 15 ವರ್ಷ ದಾಟಿದ ಭಾರಿ ವಾಹನಗಳ ಯೋಗ್ಯತಾ ಪತ್ರದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಏರಿಸಿತು. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಒಡೆತನದ 15 ವರ್ಷ ಮೀರಿದ ವಾಹನಗಳ ನೋಂದಣಿ ನವೀಕರಣವಾಗದು ಎಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಪಂಚಾಯತಿನ ಹೆಸರಿನಲ್ಲಿ ಬಸ್ಸು ಓಡಿಸುವ ಕಡೆ ಇದನ್ನು ಮೊದಲೇ ಗಮನಿಸಬೇಕು.

ನಮಗೇಕೆ ಈ ಲೆಕ್ಕ?

ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆಯೆಣಿಕೆ ನಡೆಯುತ್ತದೆ. ಅಂದಿನ ಸಂಖ್ಯೆಯ ಮೇಲೆ ಆ ವರ್ಷದ ತರಗತಿ ವಿಭಾಗಗಳೂ ಅಧ್ಯಾಪಕ ಹುದ್ದೆಗಳೂ ನಿರ್ಧಾರವಾಗುತ್ತವೆ. ನಾಲ್ಕೈದು ಮಕ್ಕಳ ಕೊರತೆಯಿಂದ ಒಂದು ವಿಭಾಗ ಹೋದರೆ ಒಬ್ಬ ಕನ್ನಡ ಅಧ್ಯಾಪಕನ ಹುದ್ದೆ ಹೋಯಿತು. ಹುದ್ದೆ ಹೋದ ಶಾಲೆಗೆ ಮಕ್ಕಳನ್ನು ಕಳುಹಿಸಲು ಹೆತ್ತವರು ಹಿಂಜರಿಯುತ್ತಾರೆ. ಮರುವರ್ಷ ಇನ್ನೂ ನಾಲ್ವರು ಕಡಮೆ. ಬಸ್ಸಿಲ್ಲದ ಒಂದು ಜೂನ್ ತಿಂಗಳು ಹೀಗೆ ವರ್ಷಗಳ ಕಾಲ ಕಾಡುತ್ತದೆ.

ಹೆತ್ತವರನ್ನು ದೂರಿ ಪ್ರಯೋಜನವಿಲ್ಲ. ಮನೆಬಾಗಿಲಿಗೆ ಬರುವ ಆಂಗ್ಲ ಮಾಧ್ಯಮದ ಬಸ್ಸು, ಎರಡು ಕಿಲೋಮೀಟರ್ ಮಳೆಯಲ್ಲಿ ನಡೆಯಬೇಕಾದ ಕನ್ನಡ ಶಾಲೆ ಇವೆರಡರ ನಡುವೆ ಆರು ವರ್ಷದ ಮಗುವಿನ ತಾಯಿ ಯಾವುದನ್ನು ಆರಿಸಿಕೊಳ್ಳುತ್ತಾಳೆ ಎಂಬುದು ಭಾಷಾಭಿಮಾನದ ಪ್ರಶ್ನೆಯಲ್ಲ, ಆಟಿಯ ಮಳೆಯ ಪ್ರಶ್ನೆ. ಪ್ರವೇಶದ ವೇಳೆ ಮನೆಮನೆಗೆ ಹೋಗುವ ನಮ್ಮ ಅಧ್ಯಾಪಕರಿಗೆ ಕೇಳಿಬರುವ ಮೊದಲ ಮಾತು ‘ಮಾಷ್ಟ್ರೇ, ಬಸ್ಸುಂಟಾ?’ ಎಂಬುದು. ಪಾಠ ಹೇಗೆ ಎಂಬುದು ಅದರ ನಂತರದ ಮಾತು.

ಬಸ್ಸಿನ ಹೊರೆ ಒಂದು ಮಗುವಿನ ಮೇಲೆ ಎಷ್ಟು ಬೀಳುತ್ತದೆಂದು ನೋಡೋಣ. 24 ಲಕ್ಷದ ಬಸ್ಸು 12 ವರ್ಷ ಬಾಳಿತೆಂದರೆ ವರ್ಷಕ್ಕೆ 2 ಲಕ್ಷ. 40 ಮಕ್ಕಳಿದ್ದರೆ ತಲೆಗೆ 5,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 500 ರೂಪಾಯಿ. ಇದು ಡೀಸೆಲ್, ಸಂಬಳ, ಬಡ್ಡಿ ಸೇರದ ಲೆಕ್ಕ. ಮಕ್ಕಳು 20 ಆದರೆ ಅದು ತಿಂಗಳಿಗೆ 1,000. ಶಾಲೆ ಸಣ್ಣದಾದಷ್ಟೂ ಒಂದೊಂದು ಮಗುವಿನ ಪಾಲು ದೊಡ್ಡದಾಗುತ್ತದೆ. ಕ್ಯಾರವಾನ್‌ನ ಬೆಲೆಯನ್ನು ಏರಿಸುವ ಸಂಖ್ಯೆಯ ನ್ಯಾಯವೇ ಇಲ್ಲಿ ಅಲ್ಪಸಂಖ್ಯಾತ ಭಾಷೆಯ ಶಾಲೆಯನ್ನೂ ಹಿಂಡುತ್ತದೆ. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೂ ಇದು ಅನ್ವಯಿಸುವ ಲೆಕ್ಕವೇ.

ಕಟ್ಟಿಸುವ ಮುನ್ನ ಕೇಳಬೇಕಾದುದು

ಬಸ್ಸಿಗೆ ಹಣ ಕೂಡಿಸುತ್ತಿರುವ ರಕ್ಷಕ-ಶಿಕ್ಷಕ ಸಂಘಗಳು, ಹಳೆ ವಿದ್ಯಾರ್ಥಿ ಸಂಘಗಳು ಈ ಕೆಲವು ಸಂಗತಿಗಳನ್ನು ಗಮನದಲ್ಲಿಟ್ಟರೆ ಒಳ್ಳೆಯದು.

ಮೊದಲನೆಯದಾಗಿ, ಒಂದೇ ಒಟ್ಟು ಮೊತ್ತದ ದರಪಟ್ಟಿಯನ್ನು ಸ್ವೀಕರಿಸಬಾರದು. ಚಾಸಿ, ಬಾಡಿ, ಹೆಚ್ಚುವರಿ ಉಪಕರಣ, ಜಿಎಸ್‌ಟಿ, ನೋಂದಣಿ, ವಿಮೆ ಎಲ್ಲವೂ ಬೇರೆ ಬೇರೆ ಸಾಲಿನಲ್ಲಿರಬೇಕು. ಬಿಡಿಸಿ ಬರೆದಾಗ ಎಲ್ಲಿ ಉಬ್ಬಿದೆ ಎಂಬುದು ತಾನೇ ಕಾಣುತ್ತದೆ.

ಎರಡನೆಯದಾಗಿ, ಕಂಪನಿಯೇ ಪೂರ್ಣವಾಗಿ ಕಟ್ಟಿಕೊಡುವ ಶಾಲಾ ಬಸ್ಸಿನ ದರವನ್ನೂ ತರಿಸಿ ಹೋಲಿಸಬೇಕು. ನೂರಾರು ಸಂಖ್ಯೆಯಲ್ಲಿ ತಯಾರಾಗುವ ಮಾದರಿಗೆ ಪರೀಕ್ಷೆಯ ಪಾಲು ಕಡಮೆ, ಹೊಣೆಯೂ ಒಬ್ಬರದೇ. ಬಿಡಿಯಾಗಿ ಕಟ್ಟಿಸಿದ ಬಸ್ಸಿನಲ್ಲಿ ದೋಷ ಕಂಡರೆ ಚಾಸಿಯವರು ಬಾಡಿಯವರತ್ತ, ಬಾಡಿಯವರು ಚಾಸಿಯವರತ್ತ ಬೊಟ್ಟು ತೋರುವುದನ್ನು ನಮ್ಮ ಸುತ್ತಿನ ಶಾಲೆಗಳು ಅನುಭವಿಸಿವೆ.

ಮೂರನೆಯದಾಗಿ, ಬಾಡಿಯ ಮಾದರಿಗೆ ಎಐಎಸ್-052 ಮತ್ತು 063ರ ಅನುಮೋದನೆಯ ಪ್ರತಿಯನ್ನು ಮುಂಗಡ ಕೊಡುವ ಮೊದಲೇ ಕೇಳಿ ಪಡೆಯಬೇಕು. ಅದಿಲ್ಲದ ಅಗ್ಗದ ಬಾಡಿ ನೋಂದಣಿಯ ಕಟಕಟೆಯಲ್ಲಿ ಸಿಕ್ಕಿಬಿದ್ದರೆ ಜೂನ್ ಹೋಗಿ ಓಣಂ ಬಂದಿರುತ್ತದೆ.

ನಾಲ್ಕನೆಯದಾಗಿ, ಉಳಿತಾಯವನ್ನು ಅಲಂಕಾರದಲ್ಲಿ ಮಾಡಬೇಕು, ರಕ್ಷಣೆಯಲ್ಲಿ ಅಲ್ಲ. ಸಂಗೀತದ ಪೆಟ್ಟಿಗೆ, ಬಣ್ಣದ ದೀಪ, ದಾನಿಗಳ ಹೆಸರಿನ ದೊಡ್ಡ ಫಲಕ ಇವಿಲ್ಲದಿದ್ದರೂ ಬಸ್ಸು ಓಡುತ್ತದೆ. ತುರ್ತು ಬಾಗಿಲು, ಬೆಂಕಿಯ ಎಚ್ಚರಿಕೆ, ಒಳಹೊದಿಕೆಯ ಗುಣಮಟ್ಟದಲ್ಲಿ ಒಂದು ರೂಪಾಯಿಯನ್ನೂ ಕಡಿಯಬಾರದು.

ಐದನೆಯದಾಗಿ, ಹಂಚಿಕೊಳ್ಳುವುದನ್ನು ಕಲಿಯಬೇಕು. ಒಂದೇ ಪಂಚಾಯತಿನ ಎರಡು ಮೂರು ಕನ್ನಡ ಶಾಲೆಗಳು ದಾರಿ ಹೊಂದಿಸಿಕೊಂಡು ಒಂದು ಬಸ್ಸನ್ನು ಎರಡು ಸರತಿಯಲ್ಲಿ ಓಡಿಸಿದರೆ ತಲೆಗೆ ಬೀಳುವ ಖರ್ಚು ಅರ್ಧವಾಗುತ್ತದೆ. ಇದಕ್ಕೆ ಅಡ್ಡಿಯಾಗಿರುವುದು ಹಣವಲ್ಲ, ಶಾಲೆಗಳ ನಡುವಣ ಪೈಪೋಟಿ. ಮುಳುಗುವ ದೋಣಿಯಲ್ಲಿ ಕುಳಿತು ಹುಟ್ಟಿಗಾಗಿ ಜಗಳವಾಡುವ ಕಾಲ ಇದಲ್ಲ.

ನಮ್ಮ ಬೇಡಿಕೆ

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿತು. ಕ್ಯಾರವಾನ್ ಕೊಳ್ಳುವ ಮೊದಲ ನೂರು ಮಂದಿಗೆ 7.5 ಲಕ್ಷ ರೂಪಾಯಿ ಅಥವಾ ಹೂಡಿಕೆಯ ಶೇಕಡಾ 15, ಯಾವುದು ಕಡಮೆಯೋ ಅಷ್ಟು ಸಹಾಯಧನ ಕೊಡುವುದಾಗಿ ಹೇಳಿತು. ನಂತರದ ನೂರು ಮಂದಿಗೆ 5 ಲಕ್ಷ ಅಥವಾ ಶೇಕಡಾ 10, ಅದರ ನಂತರದವರಿಗೆ 2.5 ಲಕ್ಷ ಅಥವಾ ಶೇಕಡಾ 5. ಇದನ್ನು ನಾವು ಆಕ್ಷೇಪಿಸುವುದಿಲ್ಲ. ಹೊಸ ಬಗೆಯ ದುಬಾರಿ ವಾಹನವನ್ನು ಯಾರೂ ಧೈರ್ಯಮಾಡಿ ಕೊಳ್ಳದಿರುವಾಗ ಸರ್ಕಾರ ಕೈಹಿಡಿಯಬೇಕೆಂಬ ತತ್ತ್ವವನ್ನು ಈ ನೀತಿ ಒಪ್ಪಿಕೊಂಡಿದೆ. ಅದೇ ತತ್ತ್ವವನ್ನು ಭಾಷಾ ಅಲ್ಪಸಂಖ್ಯಾತರ ಶಾಲೆಯ ಬಸ್ಸಿಗೂ ಅನ್ವಯಿಸಿರಿ ಎಂಬುದೇ ನಮ್ಮ ಬೇಡಿಕೆ.

ಶಾಸಕರ ನಿಧಿಯಿಂದ ಅಲ್ಲೊಂದು ಇಲ್ಲೊಂದು ಶಾಲೆಗೆ ಬಸ್ಸು ದೊರೆತಿದೆ, ಕೊಟ್ಟವರಿಗೆ ಕೃತಜ್ಞರಾಗಿದ್ದೇವೆ. ಆದರೆ ಅದು ಕೃಪೆಯ ರೂಪದಲ್ಲಿ ಬರುತ್ತದೆಯೇ ಹೊರತು ಹಕ್ಕಿನ ರೂಪದಲ್ಲಲ್ಲ. ಬೆಲೆಯ ನಿಶ್ಚಿತ ಶೇಕಡಾವಾರು ಸಹಾಯಧನ, ಹಲವು ಶಾಲೆಗಳಿಗೆ ಒಟ್ಟಾಗಿ ಖರೀದಿಸುವ ವ್ಯವಸ್ಥೆ, ಚಾಲಕನ ವೇತನಕ್ಕೆ ಪಂಚಾಯತಿನ ಯೋಜನೆಯಲ್ಲಿ ಒಂದು ಸಾಲು ಈ ಮೂರು ಸಿಕ್ಕರೆ ಗಡಿನಾಡಿನ ಬಹಳಷ್ಟು ಶಾಲೆಗಳ ತಲೆಯೆಣಿಕೆ ಇಳಿಯುವುದು ನಿಲ್ಲುತ್ತದೆ. ಅತ್ತ ಕರ್ನಾಟಕದ ಗಡಿ ಅಭಿವೃದ್ಧಿ ಪ್ರಾಧಿಕಾರವೂ ಹೊರರಾಜ್ಯದ ಕನ್ನಡ ಶಾಲೆಗಳ ಅಗತ್ಯಗಳನ್ನು ಪಟ್ಟಿಮಾಡುವಾಗ ಕಟ್ಟಡ, ಸಭಾಭವನಗಳ ಜೊತೆ ವಾಹನವನ್ನೂ ಸೇರಿಸಿಕೊಳ್ಳಲಿ. ಕಟ್ಟಡವಿದ್ದು ಮಕ್ಕಳಿಲ್ಲದ ಶಾಲೆ ಯಾರಿಗೂ ಬೇಡ.

ಮುಂದಿನ ಗ್ರಾಮಸಭೆಗೆ, ರಕ್ಷಕ-ಶಿಕ್ಷಕ ಸಂಘದ ಮಹಾಸಭೆಗೆ ಹೋಗುವವರು ಬಿಡಿಸಿ ಬರೆದ ಒಂದು ದರಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಲಿ. ಬಸ್ಸು ಬೇಕು ಎಂಬ ಮನವಿಯನ್ನು ನಾವು ಹಲವು ವರ್ಷಗಳಿಂದ ಕೊಡುತ್ತಿದ್ದೇವೆ. ಎಷ್ಟು ಬೇಕು, ಅದು ಯಾಕೆ ಅಷ್ಟಾಗುತ್ತದೆ, ಅದರಲ್ಲಿ ನಮ್ಮ ಪಾಲು ಎಷ್ಟು, ಸರ್ಕಾರದ ಪಾಲು ಎಷ್ಟು ಎಂದು ಲೆಕ್ಕ ಸಮೇತ ಕೇಳಿದವರಿಗೆ ‘ನೋಡೋಣ’ ಎಂದು ಹೇಳಿ ಕಳುಹಿಸುವುದು ಅಷ್ಟು ಸುಲಭವಲ್ಲ.